ಕೊರೋನಾ ಪೆಟ್ಟು ಗುಂಡಿಗೆಗೂ ಬಿತ್ತು. ನಮ್ಮೂರ ಆಸ್ಪತ್ರೆಗಳು ಸಜ್ಜಾಗಿವೆಯೇ?

ಕೊರೋನಾ ಎಂದರೆ ಶ್ವಾಸಕೋಶದ ಬ್ಯಾನಿ ಎಂದೇ ನಾವೆಲ್ಲ ತಿಳಿದೆವು. ಆಕ್ಸಿಜನ್ ಸಿಕ್ಕರೆ ಉಳಿದ, ಸಿಗದಿದ್ದರೆ ಹೋದ. ಇಷ್ಟೇ ಲೆಕ್ಕ. ಗೋಕಾಕ, ಮೂಡಲಗಿ ಮತದಾರರು ಆರಿಸಿ ಕಳಿಸಿದ್ದ ಸಂಸದ, ರೈಲ್ವೆ ರಾಜ್ಯಮಂತ್ರಿ ಸುರೇಶ ಅಂಗಡಿಯವರನ್ನೂ ಇದೇ ರೋಗ 2020ರ ಸೆಪ್ಟೆಂಬರ್ 23ರಂದು ದಿಲ್ಲಿಯಲ್ಲಿ ಬಲಿ ತೆಗೆದುಕೊಂಡಿತು.

ಸತ್ತವರ ದೇಹದೊಳಗೆ ಆಗಿದ್ದೇನು? ನಮ್ಮಲ್ಲಿ ನೋಡಿದವರು ಕಡಿಮೆ. 2020ರ ಅಕ್ಟೋಬರಿನಲ್ಲಿ ಬೆಂಗಳೂರಿನ ಆಕ್ಸ್‌ಫರ್ಡ್ ಮೆಡಿಕಲ್ ಕಾಲೇಜಿನ ಡಾ. ದಿನೇಶ ರಾವ್ ಧೈರ್ಯ ಮಾಡಿ 62 ವರ್ಷದ ಒಬ್ಬ ರೋಗಿಯ ಶವಪರೀಕ್ಷೆ ನಡೆಸಿದರು. ಸ್ಪಂಜಿನಂತಿರಬೇಕಾದ ಶ್ವಾಸಕೋಶ ಚರ್ಮದ ಚೆಂಡಿನಂತೆ ಗಟ್ಟಿಯಾಗಿತ್ತು ಎಂದರು.

ಪರದೇಶದ ವೈದ್ಯರು ಹೃದಯವನ್ನೂ ಪರೀಕ್ಷಿಸಿದರು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 39 ಮೃತರ ಪೈಕಿ 24 ಜನರ ಹೃದಯದಲ್ಲಿ ವೈರಸ್ ಸಿಕ್ಕಿತು. ಇಟಲಿಯ ಬೆರ್ಗಾಮೊದಲ್ಲಿ ನೋಡಿದ 40 ಹೃದಯಗಳಲ್ಲಿ 14ರ ಸ್ನಾಯು ಅಲ್ಲಲ್ಲಿ ಸತ್ತಿತ್ತು. ಆ 14ರಲ್ಲಿ ಹೆಚ್ಚಿನವುಗಳ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿತ್ತು. ಅಂದರೆ ಉಸಿರು ಕಟ್ಟಿದ್ದಷ್ಟೇ ಅಲ್ಲ, ಗುಂಡಿಗೆಗೂ ಪೆಟ್ಟು ಬಿದ್ದಿತ್ತು.

ಹಾಗಂತ ಕೊರೋನಾ ಬಂದುಹೋದವರೆಲ್ಲ ಅಂಜಿ ಕೂಡಬೇಕಾಗಿಲ್ಲ. 2025ರಲ್ಲಿ ಹಾಸನದಲ್ಲಿ ಸಾಲು ಸಾವುಗಳಾಗಿ ಗುಲ್ಲೆದ್ದಾಗ, ಸರಕಾರ ನೇಮಿಸಿದ್ದ ಡಾ. ಕೆ.ಎಸ್. ರವೀಂದ್ರನಾಥ ಸಮಿತಿ ತನ್ನ ವರದಿ ಕೊಟ್ಟಿತು. ಹರೆಯದವರ ಹೃದಯಾಘಾತಕ್ಕೂ ಹಿಂದೆ ಬಂದ ಕೊರೋನಾಕ್ಕೂ, ಲಸಿಕೆಗೂ ನೇರ ಸಂಬಂಧ ಕಾಣಲಿಲ್ಲ ಎಂದಿತು. ಬಿ.ಪಿ., ಸಕ್ಕರೆ ಕಾಯಿಲೆ, ತಂಬಾಕು, ಇವುಗಳ ಕಡೆಗೇ ಬೊಟ್ಟು ಮಾಡಿತು. ಕಟ್ಟೆಯ ಮೇಲೆ ಕೂತು ಲಸಿಕೆಯನ್ನು ಬಯ್ಯುತ್ತ ಬೀಡಿ ಸೇದುವವರು ಇದನ್ನು ಕೇಳಬೇಕು.

ನಮ್ಮ ಸಂಕಟ ಬೇರೆಯೇ ಇದೆ. ಗಲ್ಲಾದ ಮೇಲೆ ಕೂತವನಿಗೆ ಎದಿ ಹಿಡಿದರೆ "ಗ್ಯಾಸ್ ಆಗೇದ, ಸೋಡಾ ಕುಡಿರಿ" ಅಂತಾರ. ಆಮೇಲೆ ಬಸ್ಸೋ ಜೀಪೋ ಹಿಡಿದು ಬೆಳಗಾವಿಗೆ ಓಟ. ಮೂಡಲಗಿಯಿಂದ ಬಸ್ಸಿನಲ್ಲಿ ಎರಡು ತಾಸಿಗೆ ಕಡಿಮೆ ಇಲ್ಲ. ಹೃದಯದ ಸ್ನಾಯು ಅಷ್ಟೊತ್ತು ಕಾಯುವುದಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ ಎಷ್ಟು ಬೇಗ ಬಿದ್ದರೆ ಅಷ್ಟು ಜೀವ ಉಳಿಯುತ್ತದೆ.

ಇದಕ್ಕೆಂದೇ ಸರಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲೂಕು ಮಟ್ಟದಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಆ ದುಬಾರಿ ಇಂಜೆಕ್ಷನ್ ಪುಕ್ಕಟೆ ಕೊಡುವುದು ಅದರ ಉದ್ದೇಶ. ಮಾತು ಚೆಂದ ಅದ. ಆದರೆ ನಡುರಾತ್ರಿ ಗೋಕಾಕ, ಹುಕ್ಕೇರಿ, ಮೂಡಲಗಿಯ ಸರಕಾರಿ ದವಾಖಾನೆಯ ಬಾಗಿಲು ತಟ್ಟಿದವನಿಗೆ ಇಸಿಜಿ ಯಂತ್ರ ಇದ್ದರೆ ಸಾಲದು. ಅದನ್ನು ನಡೆಸುವ ಕೈ ಇರಬೇಕು, ಕಪಾಟಿನಲ್ಲಿ ಔಷಧ ಇರಬೇಕು.

ಮೂರೂ ಊರಿನ ಆಸ್ಪತ್ರೆಗಳ ಬಾಗಿಲಿಗೆ ಒಂದು ಫಲಕ ತೂಗುಹಾಕಲಿ. ಇಸಿಜಿ ಯಾವ ವೇಳೆಗೆ ಸಿಗುತ್ತದೆ, ರಾತ್ರಿ ಪಾಳಿಯಲ್ಲಿ ಯಾರಿದ್ದಾರೆ, ಇಂಜೆಕ್ಷನ್ ದಾಸ್ತಾನು ಇದೆಯೋ ಇಲ್ಲವೋ ಎಂದು ಅದರಲ್ಲಿ ಬರೆಯಲಿ. ಇದಕ್ಕೆ ಬಜೆಟ್ ಬೇಕಿಲ್ಲ, ಮನಸ್ಸು ಬೇಕು. ಶಾಸಕರು, ಜಿಲ್ಲಾ ಆರೋಗ್ಯಾಧಿಕಾರಿಗಳು ಕಣ್ಣು ತೆರೆಯುವರೇ?