ಪರರ ಸಾಲಕ್ಕೆ ನಮ್ಮ ಹೆಸರು

ಮುಂಬಯಿಗೆ ಬಂದ ನಮ್ಮವರು ಊರಿನಿಂದ ತಂದ ಬಂಡವಾಳವೆಂದರೆ ಎರಡೇ: ದುಡಿಯುವ ಕೈ ಮತ್ತು ಒಳ್ಳೆಯ ಹೆಸರು. ಹುಡುಗನನ್ನು ಗಲ್ಲಾದಲ್ಲಿ ಕುಳ್ಳಿರಿಸುವ ಮೊದಲು ಧಣಿಗಳು ಅವನ ಮನೆತನವನ್ನು ವಿಚಾರಿಸುತ್ತಿದ್ದರೇ ಹೊರತು ಕಾಗದಪತ್ರಗಳನ್ನಲ್ಲ. ಸಾಲದ ಮಟ್ಟಿಗೆ ಇಂದು ಆ ವಿಚಾರಣೆಯ ಕೆಲಸವನ್ನು ಕ್ರೆಡಿಟ್ ವರದಿಯು ವಹಿಸಿಕೊಂಡಿದೆ. 2000ದಲ್ಲಿ ಸ್ಥಾಪಿತವಾದ ಸಿಬಿಲ್ ಸಂಸ್ಥೆಯೂ ಅದರಂತಹ ಇನ್ನು ಮೂರು ಸಂಸ್ಥೆಗಳೂ 2005ರ ಕಾನೂನಿನ ಮೇರೆಗೆ ನಮ್ಮ ಸಾಲದ ಚರಿತ್ರೆಯನ್ನು ಬರೆದಿಡುತ್ತವೆ. 300ರಿಂದ 900ರವರೆಗೆ ಅಂಕವನ್ನೂ ಕೊಡುತ್ತವೆ. ಖೋಲಿ ಕೊಳ್ಳುವುದಕ್ಕೆ ಸಾಲ ಕೇಳಿ ಗೋರೆಗಾಂವಿನ ಯಾವ ಬ್ಯಾಂಕಿಗೆ ಹೋದರೂ ಮೊದಲು ತೆರೆಯುವ ಪುಟವು ಇದೇ.

ಆದುದರಿಂದ ಅಣ್ಣನ ಕ್ರೆಡಿಟ್ ಕಾರ್ಡಿನ ಖಾತೆಯಲ್ಲಿ ತಮ್ಮನ ಹೆಸರಿಗೆ ಇನ್ನೊಂದು ಕಾರ್ಡು, ಅಂದರೆ ಆಡ್-ಆನ್ ಕಾರ್ಡು, ಇರುವಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಅಣ್ಣನು ಬಾಕಿ ತೀರಿಸದಿದ್ದರೆ ತಮ್ಮನು ಹೊಣೆಯೇ? ಅಲ್ಲ. ಇಂತಹ ಕಾರ್ಡಿನ ಹೊಣೆಯು ಮೂಲ ಕಾರ್ಡುದಾರನದೇ ಎಂದು ರಿಸರ್ವ್ ಬ್ಯಾಂಕು 2022ರ ನಿರ್ದೇಶನದಲ್ಲಿ ಸ್ಪಷ್ಟವಾಗಿ ಹೇಳಿತು. ತಮ್ಮನು ತಾನು ಖರ್ಚು ಮಾಡಿದ್ದನ್ನು ಅಣ್ಣನಿಗೆ ಕೊಡಬೇಕಾದುದು ನ್ಯಾಯವೇ. ಆದರೆ ಅದು ಮನೆಯ ಲೆಕ್ಕ, ಬ್ಯಾಂಕಿನದಲ್ಲ. ವಸೂಲಿಯವನು ಫೋನು ಮಾಡಿದನೆಂದು ತಮ್ಮನು ಊರಿನ ಚಿನ್ನವನ್ನು ಅಡವಿಡಬೇಕಾಗಿಲ್ಲ.

ಆದರೆ ಹೊಣೆ ಬೇರೆ, ದಾಖಲೆ ಬೇರೆ. ಸಿಬಿಲ್ ವರದಿಯಲ್ಲಿ ಪ್ರತಿಯೊಂದು ಖಾತೆಯ ಎದುರು ಅದರ ಒಡೆತನವನ್ನು ಗುರುತಿಸುವ ನಾಲ್ಕು ಬಗೆಗಳಿವೆ: ಒಬ್ಬನದೇ ಖಾತೆ, ಜಂಟಿ ಖಾತೆ, ಜಾಮೀನುದಾರ, ಅಧಿಕೃತ ಬಳಕೆದಾರ. ಆಡ್-ಆನ್ ಕಾರ್ಡಿನವನು ಸೇರುವುದು ಕೊನೆಯ ಬಗೆಗೆ. ಸಾಲಗಾರನಲ್ಲದವನ ವರದಿಯಲ್ಲಿಯೂ ಪರರ ಖಾತೆ ಕಾಣಿಸಿಕೊಳ್ಳಬಹುದು ಎಂಬುದೇ ಇದರ ಅರ್ಥ. ಅಮೆರಿಕದಲ್ಲಿಯೂ ಸ್ಥಿತಿ ಹೀಗೆಯೇ ಇದೆ. ಅಧಿಕೃತ ಬಳಕೆದಾರನೆಂಬ ಮಾತಿನ ಬದಲು ತಪ್ಪಿ ಜಂಟಿ ಖಾತೆಯೆಂದು ನಮೂದಾದರೆ ನಿರಪರಾಧಿಯು ಸಾಲಗಾರನಂತೆ ತೋರುತ್ತಾನೆ. ಒಂದು ಶಬ್ದದಲ್ಲಿ ಒಬ್ಬನ ಖೋಲಿಯೇ ಕೈತಪ್ಪಬಹುದು.

ಈ ಕಾರ್ಡಿಗೆ ಹೆದರುವ ನಾವು ಇದಕ್ಕಿಂತ ಘೋರವಾದ ಕಾಗದಕ್ಕೆ ಚಹಾ ಕುಡಿಯುವಷ್ಟರಲ್ಲಿ ಸಹಿ ಹಾಕಿಬಿಡುತ್ತೇವೆ, ಅದು ಜಾಮೀನು. 1872ರ ಕರಾರು ಕಾನೂನಿನ 128ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ದೊಡ್ಡದು. ಮೊದಲು ಸಾಲಗಾರನನ್ನು ಹಿಡಿಯಿರಿ, ಅನಂತರ ನನ್ನ ಬಳಿಗೆ ಬನ್ನಿ ಎಂಬ ವಾದವನ್ನು ಬ್ಯಾಂಕ್ ಆಫ್ ಬಿಹಾರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1968ರಲ್ಲಿಯೇ ತಳ್ಳಿಹಾಕಿದೆ. ಇನ್ನು ತನ್ನ ಸ್ವಂತ ಕಾರ್ಡನ್ನೇ ಗೆಳೆಯನ ಖರೀದಿಗೆ ಕೊಡುವವನಂತೂ ಜಾಮೀನುದಾರನೂ ಅಲ್ಲ, ಸಾಕ್ಷಾತ್ ಸಾಲಗಾರನೇ.

ಹಾಗಾದರೆ ಒಬ್ಬರಿಗೊಬ್ಬರು ನೆರವಾಗುವುದನ್ನು ಬಿಡಬೇಕೇ? ಸರ್ವಥಾ ಅಲ್ಲ. ಪರಸ್ಪರ ನಂಬಿಕೆಯಿಲ್ಲದೆ ನಮ್ಮವರ ಹೋಟೇಲುಗಳಾಗಲಿ ಬ್ಯಾಂಕುಗಳಾಗಲಿ ಹುಟ್ಟುತ್ತಿರಲಿಲ್ಲ. ಬಡವನ ದಿನದಿನದ ಪುಡಿಗಾಸಿನಿಂದ 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿಯನ್ನು ಕಟ್ಟಿತು. ಗೋರೆಗಾಂವಿನಲ್ಲಿಯೇ ಪ್ರಧಾನ ಕಚೇರಿಯುಳ್ಳ ಭಾರತ್ ಕೋ-ಆಪರೇಟಿವ್ ಬ್ಯಾಂಕು 1978ರಲ್ಲಿ ಆರಂಭವಾಯಿತು. ನೆರವು ಬೇಕು, ಕುರುಡು ನೆರವು ಬೇಡ. ಜಾಮೀನು ನಿಲ್ಲುವವನು ಎಷ್ಟು ಮೊತ್ತದವರೆಗೆ ಎಂಬುದನ್ನು ಕರಾರಿನಲ್ಲಿ ಬರೆಯಿಸಲಿ, ಪ್ರತಿಯನ್ನು ಕೇಳಿ ಪಡೆಯಲಿ. ಸಾಲ ತೀರಿಸಬೇಕಾಗಿ ಬಂದರೆ ಅದನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕನ್ನು ಅದೇ ಕಾನೂನು ಕೊಟ್ಟಿದೆಯೆಂಬುದು ಅವನಿಗೆ ತಿಳಿದಿರಲಿ. ಆಡ್-ಆನ್ ಕಾರ್ಡು ಬೇಡವಾದಲ್ಲಿ ಅದನ್ನು ಕತ್ತರಿಸಿ ಬಿಸಾಡಿದರೆ ಸಾಲದು. ಮೂಲ ಕಾರ್ಡುದಾರನ ಮುಖಾಂತರ ಬರವಣಿಗೆಯಲ್ಲಿ ರದ್ದು ಮಾಡಿಸಬೇಕು.

2017ರಿಂದ ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ತಪ್ಪು ಕಂಡರೆ ದೂರು ಕೊಡಬಹುದು. 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವೆಂದು ರಿಸರ್ವ್ ಬ್ಯಾಂಕು 2023ರಲ್ಲಿ ವಿಧಿಸಿತು. ಅಲ್ಲಿಯೂ ನ್ಯಾಯ ದೊರೆಯದಿದ್ದರೆ ಅದರ ಒಂಬುಡ್ಸ್‌ಮನ್ ಇದ್ದಾರೆ.

ಆದರೆ ದಿನವಿಡೀ ಹೋಟೇಲಿನಲ್ಲಿ ನಿಂತು ದುಡಿಯುವವನಿಗೆ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಓದುವ ವ್ಯವಧಾನವೆಲ್ಲಿ? ಹೆಸರು ಸೇರಿಸುವ ಮೊದಲು, ಇದರಿಂದ ನಿನ್ನ ವರದಿಯಲ್ಲಿ ಹೀಗೆ ದಾಖಲಾಗುತ್ತದೆ ಎಂದು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳುವುದು ಬ್ಯಾಂಕುಗಳ ಕರ್ತವ್ಯ. ನಮ್ಮ ಸಂಘಗಳೂ ತಿಂಗಳಿಗೊಂದು ಸಂಜೆ ಇಂತಹ ಕಾಗದಗಳನ್ನು ಓದಿ ಹೇಳುವ ವ್ಯವಸ್ಥೆ ಮಾಡಲಿ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು ನಮ್ಮಲ್ಲಿ ಅನೇಕರಿದ್ದಾರೆ. ಸನ್ಮಾನಕ್ಕೆ ಹೊದಿಸುವ ಶಾಲಿಗಿಂತ, ಸಹಿ ಹಾಕುವ ಮುನ್ನ ಸಿಕ್ಕುವ ಒಂದು ಎಚ್ಚರಿಕೆಯ ಮಾತು ಹೆಚ್ಚು ಬೆಲೆಯುಳ್ಳದ್ದು.