ಎಲ್ಲಿ ತಪ್ಪಾಯ್ತು ಹೇಳಿ ಅಣ್ಣಾ

ಭಾನುವಾರ ಸಂಜೆ ಐದೂಮುಕ್ಕಾಲು. ಹೊಸಕೋಟೆ ದಾಟಿ ಒಂದು ಖಾಲಿ ಗೋಡೌನಿನ ಕಾಂಕ್ರೀಟ್ ಅಂಗಳ. ಸುಟ್ಟ ಟೈರಿನ ವಾಸನೆ ಗಂಟಲಲ್ಲೇ ಕೂತಿತ್ತು. ನನ್ನ ಕೈಯಲ್ಲಿ ಒಂದು ರಟ್ಟು, ಅದಕ್ಕೆ ಸಿಕ್ಕಿಸಿದ ಹಾಳೆ, ಒಂದು ಪೆನ್ನು. ಪಕ್ಕದಲ್ಲಿದ್ದ ಇಬ್ಬರು ಜಡ್ಜ್‌ಗಳು ಆಗಲೇ ಹೇಳಿಯಾಗಿತ್ತು. ಒಬ್ಬರು ಬಿಳಿ ಕಾರು ಅಂದರು, ಇನ್ನೊಬ್ಬರು ಕಾಂಟೆಸ್ಸಾ ಅಂದರು. ಮೂರನೆಯವನು ನಾನು. ಇಬ್ಬರೂ ನನ್ನ ಮುಖ ನೋಡ್ತಿದ್ದರು.

ಜಡ್ಜ್ ಆಗುವ ಯೋಗ್ಯತೆ ನನಗೆ ಎಷ್ಟಿತ್ತು ಅಂತ ಮೊದಲೇ ಹೇಳಿಬಿಡ್ತೀನಿ. ವಾರದಲ್ಲಿ ಐದು ದಿನ ಸಾಫ್ಟ್‌ವೇರ್ ಟೀಮ್ ಲೀಡ್. ಶನಿವಾರ, ಭಾನುವಾರ ಕೈಗೆ ಗ್ರೀಸ್ ಮೆತ್ತಿಕೊಂಡು ಹಳೆ ಕಾರಿನ ಕೆಳಗೆ ಮಲಗೋ ಹುಚ್ಚು. ಎಂಟು ವರ್ಷದಿಂದ ಇಂಥ ಸಣ್ಣಪುಟ್ಟ ಸ್ಪರ್ಧೆಗಳಿಗೆ ಹೋಗ್ತಾ ಇದ್ದೀನಿ, ಅದೂ ಹೆಚ್ಚಿನ ಸಲ ನೋಡೋದಕ್ಕೆ. ಹಿಂದಿನ ರಾತ್ರಿ ಆಯೋಜಕ ಗೆಳೆಯ ಫೋನ್ ಮಾಡಿ, “ಮಗಾ, ಒಬ್ಬ ಜಡ್ಜ್ ಕೈಕೊಟ್ಟ. ನೀನ್ ಬಂದು ಕೂತ್ಕೋ, ಅಷ್ಟೇ” ಅಂದಿದ್ದ. ಹೋಗಿ ಕೂತಿದ್ದೆ. ಅಷ್ಟೇ.

ಡ್ರಿಫ್ಟಿಂಗ್ ಗೊತ್ತಿಲ್ಲದವರಿಗೆ ಎರಡು ಮಾತು. ತಿರುವಿನಲ್ಲಿ ಹಿಂದಿನ ಚಕ್ರಗಳ ಹಿಡಿತ ಬೇಕಂತಲೇ ತಪ್ಪಿಸಿ, ಕಾರನ್ನು ಅಡ್ಡಡ್ಡ ಜಾರಿಸಿಕೊಂಡು ಹೋಗೋದು. ಕಾರು ಎಡಕ್ಕೆ ತಿರುಗ್ತಾ ಇದ್ದರೆ ಸ್ಟೀರಿಂಗ್ ಬಲಕ್ಕಿರುತ್ತೆ. ನೋಡೋರಿಗೆ ಕಾರು ಕೈತಪ್ಪಿದ ಹಾಗೆ ಕಾಣುತ್ತೆ, ಓಡಿಸೋನ ಕೈಯಲ್ಲಿ ಅದು ಪೂರ್ತಿ ಹಿಡಿತದಲ್ಲಿರುತ್ತೆ. ಜಪಾನಿನ ಘಟ್ಟದ ರಸ್ತೆಗಳಲ್ಲಿ ರಾತ್ರಿ ಹೊತ್ತು ಕದ್ದುಮುಚ್ಚಿ ಬೆಳೆದ ಆಟ ಇದು. ‘ಡ್ರಿಫ್ಟ್ ಕಿಂಗ್’ ಅಂತಲೇ ಹೆಸರಾದ ಕೆಯಿಚಿ ತ್ಸುಚಿಯಾ ಮತ್ತು ಅವರ ಜತೆಗಾರರು ಡಿ1 ಗ್ರ್ಯಾಂಡ್ ಪ್ರಿ ಅನ್ನುವ ಸರಣಿ ಕಟ್ಟಿ ಇದನ್ನು ಟ್ರ್ಯಾಕಿಗೆ ತಂದರು. ಅಮೆರಿಕದಲ್ಲಿ 2004ರಲ್ಲಿ ಫಾರ್ಮುಲಾ ಡ್ರಿಫ್ಟ್ ಶುರುವಾಯ್ತು. ನಮ್ಮಲ್ಲಿ ಇನ್ನೂ ಗೆಳೆಯರ ಗುಂಪು, ಬಾಡಿಗೆ ಅಂಗಳ, ಒಂದು ಆಂಬುಲೆನ್ಸ್, ಒಂದು ಜನರೇಟರ್, ಇಷ್ಟರಲ್ಲೇ ನಡೆಯೋದು ಜಾಸ್ತಿ. (ರಸ್ತೆಯಲ್ಲಿ ಮಾಡಿದರೆ ಅದು ಆಟ ಅಲ್ಲ, ಅಪರಾಧ. ದಯವಿಟ್ಟು ಬೇಡ.)

ರೇಸ್‌ಗೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸ ಒಂದೇ. ರೇಸಲ್ಲಿ ಗಡಿಯಾರ ಹೇಳುತ್ತೆ, ಇಲ್ಲಿ ಮನುಷ್ಯರು ಹೇಳಬೇಕು. ಇಬ್ಬರು ಜೋಡಿಯಾಗಿ ಓಡ್ತಾರೆ. ಒಬ್ಬ ಮುಂದೆ, ಒಬ್ಬ ಹಿಂದೆ, ಆಮೇಲೆ ಅದಲುಬದಲು. ಮುಂದಿನವನು ಗುರುತು ಹಾಕಿದ ಜಾಗಗಳನ್ನ ಮುಟ್ಟಿಕೊಂಡು, ಒಳ್ಳೆ ಕೋನದಲ್ಲಿ ಹೋಗಬೇಕು. ಹಿಂದಿನವನು ಅವನ ನೆರಳಿನ ಹಾಗೆ, ಬಾಗಿಲಿಗೆ ಬಾಗಿಲು ತಾಗೋ ಅಷ್ಟು ಹತ್ತಿರ ಇರಬೇಕು. ಯಾರು ಯಾರಿಗಿಂತ ಚೆನ್ನಾಗಿ ಮಾಡಿದರು? ಮೂವರು ಕೂತು ತೀರ್ಮಾನ ಮಾಡ್ತಾರೆ. ತೀರಾ ಸಮ ಅನಿಸಿದರೆ ‘ಒನ್ ಮೋರ್ ಟೈಮ್’, ಅಂದ್ರೆ ಇನ್ನೊಂದು ಸಲ ಓಡಿಸೋದು.

ಅವತ್ತಿನ ಫೈನಲ್‌ನಲ್ಲಿ ಇದ್ದವರ ಹೆಸರು ಬೇಡ. ಒಬ್ಬ ಬಿಳಿ ಜರ್ಮನ್ ಕಾರಿನವನು. ಇನ್‌ಸ್ಟಾಗ್ರಾಮಲ್ಲಿ ಸಾವಿರಾರು ಜನ ನೋಡೋ ಹುಡುಗ, ಕಾರಿನ ತುಂಬ ಸ್ಟಿಕರ್, ಎಕ್ಸಾಸ್ಟ್ ಸದ್ದಿಗೆ ಎದೆ ನಡುಗಬೇಕು. ಇನ್ನೊಬ್ಬ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡೋ ಹುಡುಗ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು. ಅವನ ಕಾಂಟೆಸ್ಸಾ ಅವನಿಗಿಂತ ದೊಡ್ಡದು. ಎಂಜಿನ್ ಬೇರೆ ಕೂರಿಸಿದ್ದ. ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗಲಿ ಅಂತ ಡಿಫರೆನ್ಷಿಯಲ್ ವೆಲ್ಡ್ ಮಾಡಿದ್ದ. ದುಡ್ಡಿಲ್ಲದವರು ಮಾಡೋ ಉಪಾಯ ಅದು. ಬಣ್ಣ ಅರ್ಧ ಪ್ರೈಮರ್. ಸದ್ದು ಹೊಲಿಗೆ ಮೆಷಿನ್ ಥರ.

ಮೊದಲ ಓಟದಲ್ಲಿ ಬಿಳಿ ಕಾರು ಮುಂದೆ. ಕಾಂಟೆಸ್ಸಾ ಹಿಂದೆ ಅಂಟಿಕೊಂಡೇ ಹೋಯ್ತು. ಎರಡನೆಯದರಲ್ಲಿ ಕಾಂಟೆಸ್ಸಾ ಮುಂದೆ. ಎರಡನೇ ತಿರುವಿನಲ್ಲಿ ಬಿಳಿ ಕಾರು ಎಬ್ಬಿಸಿದ ಹೊಗೆ ನೋಡಬೇಕಿತ್ತು ನೀವು! ಜನ ಕೂಗಿದರು, ಸೀಟಿ ಹೊಡೆದರು. ನಾವು ಮೂವರೂ ನೆಲದ ಮಟ್ಟದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂತಿದ್ದವರು. ಹೊಗೆಯ ಆಚೆ ಏನಾಯ್ತೋ ನನಗೆ ಕಾಣಲಿಲ್ಲ. ಹೊಗೆ ಕರಗಿದಾಗ ಎರಡೂ ಕಾರು ಗೆರೆ ದಾಟಿದ್ದವು.

‘ಒನ್ ಮೋರ್ ಟೈಮ್’ ಅನ್ನಬಹುದಿತ್ತು. ಆದರೆ ಅಂಗಳ ಆರು ಗಂಟೆಗೆ ಬಿಟ್ಟುಕೊಡಬೇಕು, ಗೆಳೆಯ ವಾಚ್ ನೋಡ್ತಿದ್ದ. ನಾನು ‘ಬಿಳಿ’ ಅಂತ ಬರೆದೆ.

ಬಹುಮಾನ 25 ಸಾವಿರ ರೂಪಾಯಿ, ನಾಲ್ಕು ಟೈರು. ಫೋಟೋ, ಪಟಾಕಿ, ಗಲಾಟೆ. ಎಲ್ಲ ಮುಗಿದು ನಾನು ಬೈಕ್ ಹತ್ತೋ ಹೊತ್ತಿಗೆ ಕಾಂಟೆಸ್ಸಾ ಹುಡುಗ ಬಂದ. ಜಗಳಕ್ಕೆ ಬಂದ ಅಂದುಕೊಂಡೆ. ಇಲ್ಲ.

“ಅಣ್ಣಾ, ಬೇಜಾರಿಲ್ಲ. ಎಲ್ಲಿ ತಪ್ಪಾಯ್ತು ಅಂತ ಹೇಳಿ ಸಾಕು. ಮುಂದಿನ್ ಸಲ ಸರಿ ಮಾಡ್ಕೋತೀನಿ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಬಾಯಿ ಸುಮ್ಮನಿರಲಿಲ್ಲ. “ಎಲ್ಲಾ ಚೆನ್ನಾಗಿತ್ತು ಕಣೋ. ಓವರಾಲ್ ಇಂಪ್ಯಾಕ್ಟ್ ಸ್ವಲ್ಪ ಕಮ್ಮಿ ಅನ್ನಿಸ್ತು” ಅಂದೆ. ಅವನು “ಸರಿ ಅಣ್ಣಾ” ಅಂತ ತಲೆ ಆಡಿಸಿ ಹೋದ.

ರಾತ್ರಿ ಹನ್ನೊಂದಕ್ಕೆ ಗುಂಪಿನಲ್ಲಿ ಯಾರೋ ವಿಡಿಯೋ ಹಾಕಿದರು. ಟೆಂಪೋ ಮೇಲೆ ನಿಂತು ತೆಗೆದದ್ದು, ಹೊಗೆಯ ಮೇಲಿಂದ ಎಲ್ಲ ಕಾಣುತ್ತೆ. ಎರಡನೇ ತಿರುವಿನಲ್ಲಿ ಬಿಳಿ ಕಾರು ಒಂದೂವರೆ ಕಾರಿನಷ್ಟು ಹಿಂದೆ ಬಿದ್ದಿದೆ. ಅಷ್ಟೇ ಅಲ್ಲ, ಮಧ್ಯದಲ್ಲಿ ಒಂದು ಕ್ಷಣ ಜಾರೋದು ನಿಂತು ಕಾರು ನೆಟ್ಟಗಾಗಿದೆ. ಡ್ರಿಫ್ಟಿಂಗಲ್ಲಿ ಅದು ದೊಡ್ಡ ತಪ್ಪು. ಮುಂದೆ ಕಾಂಟೆಸ್ಸಾ ಮಾತ್ರ ಗುರುತುಗಳನ್ನ ಒಂದೊಂದಾಗಿ ಮುಟ್ಟಿಕೊಂಡು, ಗೆರೆ ಎಳೆದ ಹಾಗೆ ಹೋಗಿದೆ. ಆರು ಸಲ ನೋಡಿದೆ. ಆರು ಸಲವೂ ಕಾಂಟೆಸ್ಸಾನೇ ಗೆದ್ದಿತು.

ಹಾಗಾದರೆ ನಾನು ಬರೆದದ್ದು ಏನನ್ನು ನೋಡಿ? ಪ್ರಾಮಾಣಿಕವಾಗಿ ಹೇಳಬೇಕಂದ್ರೆ, ಹೊಗೆ ನೋಡಿ, ಸದ್ದು ಕೇಳಿ, ಜನರ ಕೂಗು ಕೇಳಿ. ಬೆಳಿಗ್ಗೆ ಆ ಬಿಳಿ ಕಾರು ಗೇಟಿನೊಳಗೆ ಬಂದಾಗಲೇ ‘ಇವತ್ತು ಇವನೇ’ ಅಂತ ಮನಸ್ಸಲ್ಲಿ ಕೂತಾಗಿತ್ತು. ಸಂಜೆ ಕಣ್ಣಿಗೆ ಕಾಣದ ಜಾಗವನ್ನ ಬೆಳಗಿನ ನಂಬಿಕೆ ತುಂಬಿಬಿಟ್ಟಿತು. ಲಂಚ ಇಲ್ಲ, ದ್ವೇಷ ಇಲ್ಲ, ಗೆಳೆತನವೂ ಇಲ್ಲ. ಆದರೂ ಅನ್ಯಾಯ ಆಯ್ತು.

ಇದು ನನ್ನೊಬ್ಬನ ಕಥೆ ಅಲ್ಲ, ಕಣ್ಣಿನಿಂದ ಅಂಕ ಹಾಕೋ ಆಟಗಳ ಹಳೇ ರೋಗ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬಾಕ್ಸರ್ ರಾಯ್ ಜೋನ್ಸ್ ಫೈನಲ್ ಉದ್ದಕ್ಕೂ ಎದುರಾಳಿಗಿಂತ ತುಂಬಾ ಹೆಚ್ಚು ಪಂಚ್ ಹೊಡೆದರೂ 3–2ರಲ್ಲಿ ಸೋತವರು ಅವರೇ. 2002ರ ಸಾಲ್ಟ್ ಲೇಕ್ ಸಿಟಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಜೋಡಿ ಫಿಗರ್ ಸ್ಕೇಟಿಂಗ್ ತೀರ್ಪಿನ ಗಲಾಟೆ ಎಷ್ಟಾಯ್ತು ಅಂದ್ರೆ, ರಷ್ಯಾದ ಜೋಡಿಯ ಜತೆ ಕೆನಡಾದ ಜೋಡಿಗೂ ಚಿನ್ನ ಕೊಡಬೇಕಾಯ್ತು. ಆಮೇಲೆ 6.0 ಅಂಕದ ಹಳೇ ಪದ್ಧತಿಯನ್ನೇ ಕೈಬಿಟ್ಟು, ಒಂದೊಂದು ಜಿಗಿತಕ್ಕೂ ಒಂದೊಂದು ಸುತ್ತಿಗೂ ಬೇರೆ ಬೇರೆ ಅಂಕ ಕೂಡಿಸೋ ಪದ್ಧತಿ ತಂದರು.

ಡ್ರಿಫ್ಟಿಂಗಿನವರೂ ಸುಮ್ಮನೆ ಕೂತಿಲ್ಲ. ಜಪಾನಿನ ಡಿ1 ಸರಣಿ 2012ರಲ್ಲಿ ಕಾರಿಗೆ ಸಾಧನ ಕೂರಿಸಿ ವೇಗ, ಕೋನ ಅಳೆದು ಅಂಕ ಕೊಡೋ ಪದ್ಧತಿ ಶುರು ಮಾಡಿತು. ಆದರೆ ಮೆಷಿನ್ ಎಲ್ಲವನ್ನೂ ಹೇಳಿಬಿಡುತ್ತಾ? ಕೋನ ಎಷ್ಟು ಡಿಗ್ರಿ ಅಂತ ಹೇಳುತ್ತೆ. ಆದರೆ ಇಬ್ಬರು ಜೋಡಿಯಾಗಿ ಓಡುವಾಗ ಮುಂದಿನವನು ಬ್ರೇಕ್ ಹಾಕಿ ಹಿಂದಿನವನನ್ನ ಸಿಕ್ಕಿಸಿದನೋ, ಹಿಂದಿನವನೇ ಅಂದಾಜು ತಪ್ಪಿದನೋ, ಅದನ್ನ ಯಾರಾದರೂ ಕೂತು ನೋಡಲೇಬೇಕು. ಮನುಷ್ಯ ಬೇಕು. ಅವನು ಏನನ್ನ ನೋಡ್ತಿದ್ದಾನೆ ಅನ್ನೋದೇ ಪ್ರಶ್ನೆ.

ನನ್ನ ಊರು ಕಾರ್ಕಳ ಕಡೆ. ಚಿಕ್ಕಂದಿನಲ್ಲಿ ಮಾವನ ಹೆಗಲ ಮೇಲೆ ಕೂತು ಕಂಬಳ ನೋಡಿದವನು. ಹಗ್ಗ, ನೇಗಿಲು ವಿಭಾಗದಲ್ಲಿ ಯಾವ ಜೋಡಿ ಮೊದಲು ಮಂಜೊಟ್ಟಿ ಸೇರಿತು ಅನ್ನೋದು ಮೊದಲು ಕಣ್ಣಳತೆ. ಆಗ ಎಷ್ಟು ವಾದ, ಎಷ್ಟು ಮುನಿಸು! ಈಗ ಲೇಸರ್ ಬಂದು ಅದು ಕಮ್ಮಿಯಾಗಿದೆ. ಆದರೆ ನನಗೆ ಆ ರಾತ್ರಿ ನೆನಪಾದದ್ದು ಕನೆಹಲಗೆ. ಅಲ್ಲಿ ಮುಖ್ಯ ವೇಗ ಅಲ್ಲ. ಕೋಣಗಳು ಓಡುವಾಗ ಹಲಗೆಯಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆ ಮುಟ್ಟಬೇಕು, 6.5 ಕೋಲು ಅಥವಾ 7.5 ಕೋಲು ಎತ್ತರಕ್ಕೆ. ನೋಡೋಕೆ ಕೆಸರಿನ ಮೇಲೆ ಹೂವರಳಿದ ಹಾಗಿರುತ್ತೆ. ಆದರೆ ‘ಚೆಂದ ಚಿಮ್ಮಿತು’ ಅಂತ ಯಾರೂ ಬಹುಮಾನ ಕೊಡೋದಿಲ್ಲ. ಬಟ್ಟೆ ಒದ್ದೆ ಆಯ್ತಾ? ಅದೇ ಪ್ರಶ್ನೆ. ನನ್ನ ಹಾಳೆಯಲ್ಲಿ ‘ಸ್ಟೈಲ್’ ಅಂತ ಒಂದು ಕಾಲಂ ಇತ್ತು. ನಿಶಾನೆ ಇರಲಿಲ್ಲ.

ಸೋಮವಾರ ಗೆಳೆಯನಿಗೆ ಫೋನ್ ಮಾಡಿದೆ. “ರಿಸಲ್ಟ್ ಚೇಂಜ್ ಮಾಡಕ್ಕಾಗಲ್ಲ ಮಗಾ. ದುಡ್ಡು ಕೊಟ್ಟಾಯ್ತು, ಪೋಸ್ಟ್ ಹಾಕಾಯ್ತು. ಇದನ್ನ ಈಗ ಕೆದಕಬೇಡ” ಅಂದ. ಅವನ ಮಾತೂ ತಪ್ಪಲ್ಲ. ದಿನಕ್ಕೊಂದು ವಿಡಿಯೋ ನೋಡಿ ತೀರ್ಪು ತಿರುಗಿಸಿದರೆ ಯಾವ ಸ್ಪರ್ಧೆಯೂ ಮುಗಿಯಲ್ಲ. ಆದರೆ ಹುಡುಗನಿಗೆ ನಾನು ಹೇಳಿದ ಕಾರಣ ಇತ್ತಲ್ಲ, ಅದು ನನ್ನದು. ಅದನ್ನ ನಾನೇ ವಾಪಸ್ ತಗೋಬೇಕಿತ್ತು.

ಗುರುವಾರ ಸಂಜೆ ಆ ಗ್ಯಾರೇಜಿಗೆ ಹೋದೆ. ಹುಡುಗ ಒಂದು ಆಟೋದ ಕೆಳಗಿದ್ದ. ಕೈ ಒರೆಸಿಕೊಂಡು ಬಂದ, ಹುಡುಗನೊಬ್ಬನನ್ನ ಕಳಿಸಿ ಟೀ ತರಿಸಿದ. ನಾನು ನೇರ ಹೇಳಿದೆ. “ಅವತ್ತು ನಂಗೆ ಎರಡನೇ ತಿರುವು ಕಾಣ್ಲೇ ಇಲ್ಲ. ಕಾಣದೇ ಬರೆದೆ. ನಿಂದು ಎಲ್ಲೂ ತಪ್ಪಿರಲಿಲ್ಲ. ಇಂಪ್ಯಾಕ್ಟ್ ಅಂದಿದ್ದು ಸುಳ್ಳು.”

ಅವನು ಸ್ವಲ್ಪ ಹೊತ್ತು ಟೀ ಲೋಟನೇ ನೋಡ್ತಿದ್ದ. ಆಮೇಲೆ ನಕ್ಕ.

“ವಿಡಿಯೋ ನಾನೂ ನೋಡ್ದೆ ಅಣ್ಣಾ. ಸೋತಿದ್ದು ಬಿಡಿ, ಆಟದಲ್ಲಿ ಆಗತ್ತೆ. ಆದ್ರೆ ನೀವು ಇಂಪ್ಯಾಕ್ಟ್ ಅಂದ್ರಲ್ಲ, ಅದು ಏನು ಅಂತ ನಾಲ್ಕು ದಿನ ತಲೆ ಕೆಡಿಸ್ಕೊಂಡೆ. ಸೈಲೆನ್ಸರ್ ಕಟ್ ಮಾಡಿಸ್ಬಿಡೋಣ, ಸದ್ದು ಬರತ್ತೆ ಅಂತ ಇದ್ದೆ. ಟೈರ್ ಪ್ರೆಶರ್ ಜಾಸ್ತಿ ಮಾಡಿದ್ರೆ ಹೊಗೆ ಬರತ್ತೆ ಅಂತ ಒಬ್ಬ ಹೇಳ್ದ. ಹಂಗ್ ಮಾಡಿದ್ರೆ ನನ್ ಲೈನೇ ಹೋಗತ್ತೆ.”

ಸೋಲಿಸಿದ್ದು ಒಂದು ತಪ್ಪು. ಸುಳ್ಳು ಕಾರಣ ಕೊಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು ಅಂತ ನನಗೆ ಗೊತ್ತಾಗಿದ್ದು ಆ ಬೆಂಚಿನ ಮೇಲೆ. ಸೋತವನು ಮನೆಗೆ ಹೋಗಿ ಕಾರಣ ಹಿಡ್ಕೊಂಡು ಕೆಲಸ ಶುರು ಮಾಡ್ತಾನೆ. ಸರಿಯಿದ್ದ ಭಾಗವನ್ನೇ ಬಿಚ್ಚಿ ಹಾಳು ಮಾಡ್ಕೋತಾನೆ.

ಗೆಳೆಯನಿಗೆ ಮುಂದಿನ ಸ್ಪರ್ಧೆಗೆ ಮೂರು ಮಾತು ಬರೆದು ಕಳಿಸಿದೆ. ಜಡ್ಜ್‌ಗಳು ಎತ್ತರದಲ್ಲಿ ಕೂರಲಿ, ಪಕ್ಕದಲ್ಲಿ ಒಂದು ವಿಡಿಯೋ ಇರಲಿ. ಒಬ್ಬರಿಗೊಬ್ಬರು ಹೇಳಿಕೊಳ್ಳೋ ಮೊದಲು ಪ್ರತಿಯೊಬ್ಬರೂ ಬರೆದಿಡಲಿ, ಜತೆಗೆ ಒಂದು ಸಾಲಿನ ಕಾರಣ ಇರಲಿ, ಅದನ್ನ ಮೈಕಲ್ಲಿ ಓದಲಿ. ಕಾಣದಿದ್ದರೆ ‘ಕಾಣಲಿಲ್ಲ’ ಅಂತ ಬರೆಯೋದಕ್ಕೂ ಒಂದು ಕಾಲಂ ಇರಲಿ. ಅವನು ಮೊದಲ ಎರಡಕ್ಕೆ ಹೂಂ ಅಂದಿದ್ದಾನೆ. ಮೂರನೆಯದಕ್ಕೆ, “ಜಡ್ಜ್ ಕಾಣ್ಲಿಲ್ಲ ಅಂದ್ರೆ ಜನ ನಗ್ತಾರೆ ಮಗಾ” ಅಂತಾನೆ. ಇನ್ನೂ ವಾದ ನಡೀತಿದೆ.

ಶುಕ್ರವಾರ ಆಫೀಸಿನಲ್ಲಿ ಅಪ್ರೈಸಲ್ ಕೊಡೋ ಕೊನೇ ದಿನ. ನನ್ನ ಟೀಮಿನ ಒಬ್ಬ ಹುಡುಗಿಯ ಫಾರ್ಮು ತೆಗೆದೆ. ಹಿಂದಿನ ವಾರವೇ ನಾನು ತುಂಬಿಟ್ಟಿದ್ದೆ. ರೇಟಿಂಗ್ ಐದಕ್ಕೆ ಮೂರು. ಕಾರಣದ ಜಾಗದಲ್ಲಿ: ‘ವಿಸಿಬಿಲಿಟಿ ಕಮ್ಮಿ’. ಮೀಟಿಂಗಲ್ಲಿ ಜಾಸ್ತಿ ಮಾತಾಡದ ಹುಡುಗಿ. ಅವಳು ಬರೆದ ಕೋಡಿನಲ್ಲಿ ಆ ವರ್ಷ ಎಷ್ಟು ತೊಂದರೆ ಬಂದಿತ್ತು, ಹೇಳಿದ ದಿನಕ್ಕೆ ಎಷ್ಟು ಕೆಲಸ ಮುಗಿಸಿದ್ದಳು, ನಾನು ತೆಗೆದು ನೋಡಿರಲೇ ಇಲ್ಲ.

ಆ ಎರಡು ಪದ ಅಳಿಸಿದೆ. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಜನವರಿಯಿಂದ ಅವಳು ಮಾಡಿದ ಕೆಲಸವನ್ನ ಒಂದೊಂದಾಗಿ ತೆರೆದು ನೋಡೋಕೆ ಶುರು ಮಾಡಿದೆ.