ಗೃಹಸ್ಥರ ಪುಟ: ಗಾರೆಗೆ ಇಟ್ಟಿಗೆಯ ಪುಡಿ

ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸುವ ಗೃಹಸ್ಥರಿಗೆ, ಅಂಗಳದಲ್ಲಿ ಬಿದ್ದ ಮುರುಕು ಇಟ್ಟಿಗೆ ಹೆಂಚುಗಳ ರಾಶಿಯೇ ಒಂದು ಚಿಂತೆ. ಬಾಡಿಗೆ ತೆತ್ತು ಅದನ್ನು ಊರಾಚೆ ಸುರಿಸಿ, ಅದೇ ದಿನ ಸಿಮೆಂಟಿನ ಮೂಟೆಗಳಿಗೆ ಹಣವೆಣಿಸುವುದು ಈಗಿನ ರೂಢಿ. ಹಿಂದೆ ಹೀಗಿರಲಿಲ್ಲ. ಇಟ್ಟಿಗೆಯನ್ನು ಕುಟ್ಟಿ ಜರಡಿ ಹಿಡಿದ ಪುಡಿಗೆ ಸುರ್ಕಿಯೆಂದು ಹೆಸರು. ಅದನ್ನು ಸುಣ್ಣದೊಡನೆ ಅರೆದು ಗಾರೆ ಮಾಡುತ್ತಿದ್ದರು. 1911ರಲ್ಲಿ ಕೆಲಸ ಮೊದಲಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಬೆಸೆದಿರುವುದು ಸುರ್ಕಿ ಗಾರೆಯೇ. ಕಾವೇರಿಯ ನೀರನ್ನು ಅದು ಇಂದಿಗೂ ತಡೆದು ನಿಂತಿದೆ.

ಸಿಮೆಂಟಿನ ಕಾಲದಲ್ಲಿ ಸುರ್ಕಿಗೇನು ಕೆಲಸವೆಂದು ಕೇಳಬಹುದು. ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುವಾಗ ಒಂದಿಷ್ಟು ಸುಣ್ಣ ಹುಟ್ಟುತ್ತದೆ. ಇದರಿಂದ ಗೋಡೆಗೆ ಹೆಚ್ಚಿನ ಬಲವೇನೂ ಬಾರದು. ನೀರಿಗೆ ಕರಗಿ ಹೊರಬಂದು ಬಿಳಿಯ ಕಲೆಯಾಗುವುದೂ ಉಂಟು. ಹದವಾಗಿ ಸುಟ್ಟ ಮಣ್ಣಿನಲ್ಲಿಯೂ ಕೆಲವು ಬಗೆಯ ಬೂದಿಗಳಲ್ಲಿಯೂ ಇರುವ ಸಿಲಿಕಾ ಎಂಬ ದ್ರವ್ಯವು ಈ ಸುಣ್ಣದೊಡನೆ ನಿಧಾನವಾಗಿ ಕೂಡಿ, ಸಿಮೆಂಟಿನಂತೆಯೇ ಬೆಸೆಯುವ ವಸ್ತುವಾಗುತ್ತದೆ. ಆದುದರಿಂದ ಸಿಮೆಂಟಿನ ಒಂದು ಪಾಲನ್ನು ಕಡಿಮೆ ಮಾಡಿ ಅದರ ಸ್ಥಾನದಲ್ಲಿ ಇಂತಹ ಪುಡಿಯನ್ನು ಹಾಕುವುದು ಕಲಬೆರಕೆಯಲ್ಲ. ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿಯವರೆಗೆ ಕಾಯಿಸಿ ಸಿಮೆಂಟು ಮಾಡುವಾಗ ಹೊರಡುವ ಇಂಗಾಲಾಮ್ಲ ವಾಯುವೂ ಅಷ್ಟರಮಟ್ಟಿಗೆ ತಗ್ಗುತ್ತದೆ.

ಆದರೆ ಮೊದಲು ಮೂಟೆಯ ಮೇಲಿನ ಬರಹವನ್ನು ಓದತಕ್ಕದ್ದು. ರಾಯಚೂರಿನ ಶಕ್ತಿನಗರದಂತಹ ಕಡೆ ಕಲ್ಲಿದ್ದಲನ್ನು ಉರಿಸಿ ವಿದ್ಯುತ್ತು ತೆಗೆಯುವಾಗ ಉಳಿಯುವ ಹಾರುಬೂದಿಯನ್ನು ಸಿಮೆಂಟಿನ ಕಾರ್ಖಾನೆಯವರೇ ಬೆರೆಸುತ್ತಾರೆ. ಪಿ.ಪಿ.ಸಿ. ಎಂದು ಬರೆದಿದ್ದರೆ ಅದರಲ್ಲಿ ನೂರಕ್ಕೆ 15ರಿಂದ 35 ಪಾಲು ಬೂದಿ ಆಗಲೇ ಸೇರಿರುತ್ತದೆ. ಅದಕ್ಕೆ ಮತ್ತೆ ಪುಡಿ ಸುರಿದರೆ ಗಾರೆ ಉದುರುವುದು ಸಹಜ. ಆಮೇಲೆ ಮೇಸ್ತ್ರಿಯನ್ನು ಬೈದು ಫಲವಿಲ್ಲ. ಓ.ಪಿ.ಸಿ. ಎಂದಿರುವ ಶುದ್ಧ ಸಿಮೆಂಟಿಗೆ ಮಾತ್ರ ಮನೆಯ ಪುಡಿ ಸಲ್ಲುತ್ತದೆ. ಅದೂ ಇಟ್ಟಿಗೆ ಕಟ್ಟುವ ಗಾರೆಗೆ, ಗಿಲಾವಿಗೆ. ಕಂಬ, ತೊಲೆ, ತಾರಸಿಗಳ ಕಾಂಕ್ರೀಟಿನ ಗೊಡವೆಗೆ ಎಂಜಿನಿಯರನ್ನು ಕೇಳದೆ ಹೋಗಬಾರದು.

ಪುಡಿಯ ವಿಷಯದಲ್ಲಿ ನುಣುಪೇ ಮುಖ್ಯ. ಸಿಮೆಂಟಿನಷ್ಟು ನುಣ್ಣಗಿದ್ದರೆ ಬೆಸೆಯುತ್ತದೆ. ತರಿಯಾಗಿದ್ದರೆ ಬರಿಯ ಮರಳಿನ ಕೆಲಸ ಮಾಡೀತು. ಅತಿಯಾಗಿ ಸುಟ್ಟು ಕರಕಾದ ಇಟ್ಟಿಗೆ ಬೇಡ, ಅದರ ಸತ್ವ ಸತ್ತಿರುತ್ತದೆ. ಉಪ್ಪು ಹಿಡಿದ ಗೋಡೆಯ ಇಟ್ಟಿಗೆಯನ್ನೂ ಬಿಡಬೇಕು. ಒಳಮಾಡಿಗೆ ಹಾಕಿದ್ದ ಜಿಪ್ಸಮ್ಮಿನ ಚೂರುಗಳಂತೂ ರಾಶಿಯಲ್ಲಿ ಸೇರಲೇಬಾರದು. ಅವು ಸಿಮೆಂಟಿನೊಡನೆ ಕೂಡಿ ಉಬ್ಬಿ ಗಾರೆಯನ್ನು ಬಿರಿಯಿಸುತ್ತವೆ. ಅಡಿಗೆಯ ಒಲೆಯ ಸೌದೆ ಬೂದಿ ಆಗದೆ ಎಂದು ಕೇಳುವವರುಂಟು. ಅದರಲ್ಲಿ ಕ್ಷಾರ ಹೆಚ್ಚು, ಸಿಲಿಕಾ ಕಡಿಮೆ. ಪಾತ್ರೆ ಬೆಳಗಲು ಅದಕ್ಕಿಂತ ಒಳ್ಳೆಯದಿಲ್ಲ, ಗೋಡೆಗೆ ಬೇಡ. ಭತ್ತದ ಹೊಟ್ಟಿನ ಬೂದಿಯ ಮಾತು ಬೇರೆ: ಅದರಲ್ಲಿ ಸಿಲಿಕಾ ಹೇರಳವಾಗಿದೆ, ಆದರೆ ಸುಮಾರು 700 ಡಿಗ್ರಿ ಮೀರದ ಹದವಾದ ಉರಿಯಲ್ಲಿ ಬೆಂದಿರಬೇಕು.

ಆರಂಭದಲ್ಲಿ ಐದು ಪಾಲು ಸಿಮೆಂಟಿನಲ್ಲಿ ಒಂದು ಪಾಲನ್ನು ಮಾತ್ರ ಬಿಟ್ಟು, ಅಷ್ಟು ಪುಡಿ ಹಾಕಿ ನೋಡಬಹುದು. ಕೆಲಸಕ್ಕೆ ತಿಂಗಳು ಮೊದಲೇ, ಪುಡಿಯಿರುವ ಗಾರೆಯದೊಂದು, ಇಲ್ಲದ ಗಾರೆಯದೊಂದು ಬಿಲ್ಲೆ ಮಾಡಿ ಒದ್ದೆ ಗೋಣಿಯಲ್ಲಿಡಿ. ಏಳನೆಯ ದಿನ ಪುಡಿಯ ಬಿಲ್ಲೆ ಹಿಂದೆಬಿದ್ದಂತೆ ಕಂಡರೆ ಗಾಬರಿ ಬೇಡ. 28ನೆಯ ದಿನ ಎರಡನ್ನೂ ಮುರಿದು ಹೋಲಿಸಿ. ಗೋಡೆಗೂ ಇದೇ ನಿಯಮ. ಬರಿಯ ಸಿಮೆಂಟಿಗೆ ಏಳು ದಿನ ನೀರುಣಿಸುವುದಾದರೆ, ಇದಕ್ಕೆ ಹತ್ತು ದಿನವಾದರೂ ಬೇಕು. ಬಿರುಬಿಸಿಲಿನ ಕಾಲದಲ್ಲಿ ಹದಿನಾಲ್ಕು.